ಘರ್ಷಣೆ ಸೊನ್ನೆ ಹೇಗಾಯ್ತು ಸರ್?

ಪ್ರಶ್ನೆ: 30 ಡಿಗ್ರಿ ಇಳಿಜಾರಿನ ಬೆಣೆಯ ಮೇಲೆ 2 ಕೆ.ಜಿ. ಮರದ ತುಂಡು ಇದೆ. ಸ್ಥಿತ ಘರ್ಷಣಾ ಗುಣಾಂಕ 0.4. ಬೆಣೆಯನ್ನು ಎತ್ತರದ ಕಡೆಯಿಂದ ತಳ್ಳಿ 5.66 ಮೀ/ಸೆ² ವೇಗೋತ್ಕರ್ಷ ಕೊಟ್ಟರೆ ತುಂಡಿನ ಮೇಲಿನ ಘರ್ಷಣೆ ಎಷ್ಟು? ನನಗೆ 9 ನ್ಯೂಟನ್ ಬಂತು. ಗೈಡ್‌ನಲ್ಲಿ ಸೊನ್ನೆ ಅಂತಿದೆ. ಗೈಡ್ ತಪ್ಪಾ ಸರ್?
— ಪ್ರಥಮ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಗೈಡ್ ನಂಬಬೇಡ ಅಂತ ಕ್ಲಾಸಿನಲ್ಲಿ ಬೈಯುತ್ತಿದ್ದವನು ನಾನು. ಆದರೆ ಈ ಸಲ ಅದು ಸರಿ ಕಣಮ್ಮ.

ನಿನ್ನ 9 ಎಲ್ಲಿಂದ ಬಂತು ಅಂತ ಗೊತ್ತು. ಲಂಬ ಬಲ, ಅಂದರೆ ಇಳಿಜಾರಿನ ಮೈ ತನಗೆ ಲಂಬವಾಗಿ ತುಂಡನ್ನು ಒತ್ತುವ ಬಲ, 22.6 ನ್ಯೂಟನ್; ಅದನ್ನು 0.4ರಿಂದ ಗುಣಿಸಿದೆ, ಅಲ್ವಾ? ಲಂಬ ಬಲ ಸರಿಯಾಗಿಯೇ ಇದೆ. ಬೆಣೆ ನಿಂತಿದ್ದರೆ ಅದು 17 ಮಾತ್ರ, ತಳ್ಳಿದಾಗ ಹೆಚ್ಚುತ್ತದೆ. ಅದನ್ನು ಮರೆಯದೆ ಹಿಡಿದಿದ್ದೀಯ, ಶಭಾಷ್. ಆದರೆ ಆ 9 ಇದೆಯಲ್ಲ, ಅದು ಸ್ಥಿತ ಘರ್ಷಣೆಯ ಗರಿಷ್ಠ ಮಿತಿ. ಕಿರಾಣಿ ಅಂಗಡಿಯಲ್ಲಿ ಸಾವಿರ ರೂಪಾಯಿವರೆಗೆ ಉದ್ರಿ ಕೊಡುತ್ತಾರೆ ಅಂತ ದಿನಾ ಸಾವಿರದ ಸಾಮಾನು ತರ್ತೀವಾ? ಬೇಕಾದಷ್ಟೇ ತರ್ತೀವಿ.

ಇಲ್ಲಿ ಎಷ್ಟು ಬೇಕು? ಇಳಿಜಾರಿನ ಗುಂಟ ಭೂಮಿ ತುಂಡನ್ನು ಕೆಳಕ್ಕೆ ಎಳೆಯುವುದು 9.8 ನ್ಯೂಟನ್. ಬೆಣೆ ನಿಂತಿದ್ದರೆ ಘರ್ಷಣೆ 6.8ರವರೆಗೆ ಮಾತ್ರ ತಡೆಯಬಲ್ಲದು, ಹಾಗಾಗಿ ತುಂಡು ಜಾರುತ್ತದೆ. ಬೆಣೆಯ ಜೊತೆ 5.66ರಲ್ಲಿ ಓಡಬೇಕಾದರೆ ಅದೇ ತುಂಡಿಗೆ ಇಳಿಜಾರಿನ ಗುಂಟ ಕೆಳಕ್ಕೆ ಎಷ್ಟು ಬಲ ಬೇಕು? 2 × 5.66 × ಕಾಸ್ 30. ಗುಣಿಸಿ ನೋಡು, 9.8! ಭೂಮಿಯ ಎಳೆತ ಪೂರ್ತಿ ಅದಕ್ಕೇ ಖರ್ಚಾಯಿತು. ಘರ್ಷಣೆಗೆ ಕೆಲಸವೇ ಇಲ್ಲ. ಬೆಣೆಗೆ ಎಣ್ಣೆ ಸುರಿದರೂ ತುಂಡು ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತು. ಇಳಿಜಾರು ಕಂಡ ಕೂಡಲೇ ಘರ್ಷಣೆಯ ಬಾಣವನ್ನು ಮೇಲಕ್ಕೆ ಎಳೆಯುವ ಚಟ ಎಲ್ಲರಿಗೂ ಇದೆ. ವೇಗೋತ್ಕರ್ಷ 4 ಆದರೆ ಅದು ಸರಿ: ಘರ್ಷಣೆ 2.9 ನ್ಯೂಟನ್, ಮೇಲ್ಮುಖ. 8 ಮಾಡಿದರೆ ತುಂಡು ಮೇಲಕ್ಕೆ ಹತ್ತಲು ನೋಡುತ್ತದೆ, ಘರ್ಷಣೆ ಕೆಳಮುಖಕ್ಕೆ ತಿರುಗಿ 4.1 ಆಗುತ್ತದೆ. ಮೊದಲು ಕೇಳಿಕೋ: ಘರ್ಷಣೆ ಇಲ್ಲದಿದ್ದರೆ ತುಂಡು ಎತ್ತ ಜಾರುತ್ತಿತ್ತು? ಬಾಣ ಅದರ ಎದುರಿಗೆ.

ಪರೀಕ್ಷೆ ಪ್ಯಾಡನ್ನು ಪುಸ್ತಕಗಳಿಗೆ ಆನಿಸಿ, ಮೇಲೆ ಬೆಂಕಿಪೊಟ್ಟಣ ಇಟ್ಟು, ಎಲ್ಲವನ್ನೂ ಒಟ್ಟಿಗೆ ಹಿಡಿದು ಹಿಂದಿನಿಂದ ಜೋರಾಗಿ ನೂಕಿ ನೋಡು, ಪೊಟ್ಟಣ ಮೇಲಕ್ಕೆ ಹತ್ತುತ್ತದೆ. ನಿನ್ನ ಲೆಕ್ಕದಲ್ಲಿ ತುಂಡು ಜಾರದೆ ಇರುವುದು ಬೆಣೆಯ ವೇಗೋತ್ಕರ್ಷ 1.41ರಿಂದ 12.45ರ ನಡುವೆ ಇದ್ದಾಗ. ಈ ಎರಡು ಸಂಖ್ಯೆ ಹೇಗೆ ಬಂದವು ಅಂತ ನೀನೇ ಮಾಡಿ ಕಳಿಸು.