ಗ್ಯಾರೇಜು ಕಟ್ಟೆ: ತುಕ್ಕು ಮಾಡುತ್ತಿದ್ದ ಕೆಲಸ

ಪ್ರಶ್ನೆ: ನನ್ನದು 1993ರ ಮಹೀಂದ್ರ ಎಂಎಂ 540 ಜೀಪು, ಫೋರ್ ವೀಲ್ ಡ್ರೈವ್. ಮಾವಿನ ತೋಟಕ್ಕೆ ಔಷಧಿ ಡ್ರಮ್ಮು ಒಯ್ಯಲು, ಕಾಯಿ ತರಲು ಅದೊಂದೇ ಗತಿ. ಸ್ಪ್ರಿಂಗ್ ಪಟ್ಟೆಗಳು ಕಿರುಗುಟ್ಟುತ್ತವೆ ಎಂದು ಕಳೆದ ತಿಂಗಳು ನಾಲ್ಕನ್ನೂ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರೀಸು ಹಾಕಿಸಿದೆ. ಶಬ್ದವೇನೋ ನಿಂತಿತು. ಆದರೆ ಅಂದಿನಿಂದ ಗಾಡಿ ಕುಣಿಯುತ್ತಿದೆ. ಒಂದು ಗುಂಡಿ ದಾಟಿದರೆ ಮೂರು ನಾಲ್ಕು ಸಲ ತೂಗಾಡಿ ಆಮೇಲೆ ನಿಲ್ಲುತ್ತದೆ. ಪಟ್ಟೆ ಹಾಳು ಮಾಡಿದಿರಿ ಎಂದು ಮೆಕ್ಯಾನಿಕ್‌ನೊಂದಿಗೆ ಜಗಳವೂ ಆಯಿತು. ಅವರು ಶಾಕ್ ಅಬ್ಸಾರ್ಬರ್ ಸತ್ತಿದೆ ಎನ್ನುತ್ತಾರೆ. ಅಷ್ಟು ವರ್ಷ ಚೆನ್ನಾಗಿದ್ದದ್ದು ಪಟ್ಟೆ ಬಿಚ್ಚಿದ ದಿನವೇ ಸಾಯಲು ಹೇಗೆ ಸಾಧ್ಯ?
— ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಮೊದಲು ಹೋಗಿ ಆ ಮೆಕ್ಯಾನಿಕ್‌ಗೆ ಒಂದು ಕಾಫಿ ಕೊಡಿಸಿ. ಅವರು ಹೇಳಿದ್ದು ಸರಿ. ನಿಮ್ಮ ಶಾಕ್ ಅಬ್ಸಾರ್ಬರ್‌ಗಳು ಸತ್ತದ್ದು ಕಳೆದ ತಿಂಗಳಲ್ಲ, ಎಷ್ಟೋ ವರ್ಷಗಳ ಹಿಂದೆ. ಅವುಗಳ ಕೆಲಸವನ್ನು ಇಷ್ಟು ದಿನ ತುಕ್ಕು ಮಾಡುತ್ತಿತ್ತು.

ನಿಮ್ಮ ಜೀಪಿನ ನಾಲ್ಕು ಮೂಲೆಯಲ್ಲೂ ಇರುವುದು ಲೀಫ್ ಸ್ಪ್ರಿಂಗ್, ನಮ್ಮ ಮಾತಿನಲ್ಲಿ ಪಟ್ಟೆ. ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟೆಗಳು ಬಾಗುವಾಗ ಪರಸ್ಪರ ಉಜ್ಜುತ್ತವೆ. ಆ ಉಜ್ಜಾಟವೇ ಗಾಡಿಯ ಕುಣಿತವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ನಡುವೆ ತುಕ್ಕು ಸೇರಿದರೆ ಉಜ್ಜಾಟ ಹೆಚ್ಚು. ಆಗ ಪಟ್ಟೆ ಸರಿಯಾಗಿ ಬಾಗುವುದೂ ಇಲ್ಲ, ಬಾಗಿದ್ದು ಕುಣಿಯುವುದೂ ಇಲ್ಲ. ಬೆನ್ನುಮೂಳೆಗೆ ಏಟು ಬೀಳುತ್ತದೆ, ಆದರೆ ಗಾಡಿ ತೂಗಾಡುವುದಿಲ್ಲ. ಒಡೆಯನು ‘ಜೀಪು ಅಂದ ಮೇಲೆ ಗಡಸು ಇರಲೇಬೇಕಲ್ಲ’ ಎಂದುಕೊಂಡು ಓಡಿಸುತ್ತಾನೆ. ನೀವು ಗ್ರೀಸು ಹಾಕಿಸಿದಿರಿ, ಪಟ್ಟೆಗೆ ಬಿಡುಗಡೆ ಸಿಕ್ಕಿತು, ಅದನ್ನು ಹಿಡಿದು ನಿಲ್ಲಿಸಬೇಕಾದವನು ಸ್ಥಾನದಲ್ಲಿ ಇಲ್ಲ ಎಂಬುದು ಬಯಲಾಯಿತು.

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ತಪ್ಪು ದಾರಿ ಹಿಡಿಸುತ್ತದೆ. ಹೊಡೆತವನ್ನು ನುಂಗುವುದು ಟೈರು ಮತ್ತು ಪಟ್ಟೆ. ಭಾರ ಹೊರುವುದೂ ಪಟ್ಟೆಯೇ. ಪಟ್ಟೆ ನುಂಗಿದ ಏಟನ್ನು ತಿರುಗಿ ಎಸೆಯುವಾಗ ಅದನ್ನು ಹಿಡಿದು ತಣಿಸುವುದಷ್ಟೇ ಈ ಕೊಳವೆಯ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತು ಮತ್ತು ವಾಲ್ವುಗಳಿರುವ ಪಿಸ್ಟನ್. ಎಣ್ಣೆ ಆ ಕಿಂಡಿಗಳಲ್ಲಿ ನುಸುಳುವಾಗ ಚಲನೆ ಶಾಖವಾಗುತ್ತದೆ. ಗಾಡಿಯ ಮೈ ಸೆಕೆಂಡಿಗೆ ಒಂದೆರಡು ಸಲ ತೂಗಿದರೆ, ಚಕ್ರ ಮತ್ತು ಆಕ್ಸಲ್ ಕೆಟ್ಟ ರಸ್ತೆಯಲ್ಲಿ ಹತ್ತಕ್ಕೂ ಹೆಚ್ಚು ಸಲ ಅದುರುತ್ತವೆ. ಎರಡನ್ನೂ ಹಿಡಿಯಬೇಕಾದವನು ಇವನೊಬ್ಬನೇ. ಇವನಿಲ್ಲದಿದ್ದರೆ ಚಕ್ರ ನೆಲ ಬಿಟ್ಟು ಬಿಟ್ಟು ಓಡುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ನಿಮ್ಮ ಕುಣಿತಕ್ಕಿಂತ ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆ. ಹೊಸದು ಹಾಕುವ ತನಕ ಹೆದ್ದಾರಿಗೆ ಇಳಿಯಬೇಡಿ.

ಈಗ ಪರೀಕ್ಷೆ. ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಪದ್ಧತಿ ಕಾರಿಗೆ ಸರಿ. ಜೀಪಿನ ಪಟ್ಟೆ ಒಬ್ಬ ಮನುಷ್ಯನ ಒತ್ತಿಗೆ ಬಗ್ಗುವುದೇ ಕಡಿಮೆ. ನಾನು ಮಾಡುವುದು ಬೇರೆ. ಗಾಡಿಯನ್ನು ಹತ್ತು ಕಿಲೋಮೀಟರು ಕೆಟ್ಟ ದಾರಿಯಲ್ಲಿ ಓಡಿಸಿ ತಂದು ನಿಲ್ಲಿಸಿ, ತಕ್ಷಣ ನಾಲ್ಕೂ ಶಾಕ್‌ಗಳನ್ನು ಕೈಯಿಂದ ಮುಟ್ಟುತ್ತೇನೆ. ದುಡಿದದ್ದು ಬೆಚ್ಚಗಿರುತ್ತದೆ. ಸೋಮಾರಿ ತಣ್ಣಗಿರುತ್ತದೆ. (ಎಕ್ಸಾಸ್ಟ್ ಕೊಳವೆಯ ಪಕ್ಕದ್ದು ಸತ್ತರೂ ಬಿಸಿಯಾಗಿರುತ್ತದೆ, ಅದಕ್ಕೆ ಮರುಳಾಗಬೇಡಿ.) ಹಿಂದೆಲ್ಲ ಈ ಪರೀಕ್ಷೆಗೆ ಒಣಗಿದ ಕೆರೆಯಂಗಳವೇ ನನ್ನ ದಾರಿಯಾಗಿತ್ತು. 2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಬರತೊಡಗಿದ ಮೇಲೆ ನನ್ನ ಆ ದಾರಿ ಮುಳುಗಿತು. ಈಗ ಏರಿಯ ಮೇಲೆಯೇ ಸುತ್ತುತ್ತೇನೆ. ದೂರಬೇಕೋ ಸಂತೋಷಪಡಬೇಕೋ ತಿಳಿಯದು.

ಇನ್ನೊಂದು ಪರೀಕ್ಷೆ ಬಿಚ್ಚಿ ನೋಡುವುದು. ಕೆಳಗಿನ ತುದಿಯನ್ನು ಪಿನ್ನಿನಿಂದ ಬಿಡಿಸಿ, ಕೈಯಿಂದ ಎಳೆದು ಒತ್ತಿ. ರಾಗಿ ಹಿಟ್ಟು ಬೆಂದ ಮೇಲೆ ಕೋಲು ತಿರುಗಿಸುವಾಗ ಸಿಗುತ್ತದಲ್ಲ, ಹಾಗೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾದ ತಡೆ ಸಿಗಬೇಕು. ನಡುವೆ ಎಲ್ಲಾದರೂ ಹಿಟ್ಟು ಹಾಕುವ ಮುಂಚಿನ ಬಿಸಿನೀರಿನಂತೆ ಸಲೀಸಾಗಿ ಜಾರಿದರೆ ಒಳಗೆ ಎಣ್ಣೆ ಇಲ್ಲ ಅಥವಾ ವಾಲ್ವು ಸವೆದಿದೆ. ಎಳೆಯುವಾಗ ಹೆಚ್ಚು ಬಿಗಿ, ಒತ್ತುವಾಗ ಕಡಿಮೆ ಬಿಗಿ ಇದ್ದರೆ ಅದು ದೋಷವಲ್ಲ, ಇರಬೇಕಾದದ್ದೇ ಹಾಗೆ. ಇದು ಗೊತ್ತಿಲ್ಲದೆ ಒಳ್ಳೆಯ ಶಾಕ್‌ಗಳನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ. ಹಾಗೆಯೇ ಮೇಲ್ಭಾಗದಲ್ಲಿ ಧೂಳು ಹಿಡಿದ ತೆಳು ಜಿಡ್ಡು ಇದ್ದರೆ ಚಿಂತೆಯಿಲ್ಲ. ಎಣ್ಣೆ ಗೆರೆಯಾಗಿ ಹರಿದು ಕೆಳಗಿನ ಕಣ್ಣಿನವರೆಗೆ, ಅಂದರೆ ಪಿನ್ನು ಕೂರುವ ಉಂಗುರದವರೆಗೆ, ಬಂದಿದ್ದರೆ ಮುಗಿಯಿತು.

ಬದಲಿಸುವ ಕೆಲಸ ತೋಟದಲ್ಲೇ ಮಾಡಿಕೊಳ್ಳಬಹುದು, ಆದರೆ ಒಂದು ಮಾತು. ಹಳೆಯ ಜೀಪುಗಳಲ್ಲಿ ಕೆಲವಕ್ಕೆ ಹ್ಯಾಂಡ್ ಬ್ರೇಕಿನ ಡ್ರಮ್ಮು ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರುಪೆಟ್ಟಿಗೆಯ) ಹಿಂದೆ. ಅಂಥ ಗಾಡಿಯ ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದ ಕೂಡಲೇ ಡಿಫರೆನ್ಷಿಯಲ್ (ಆಕ್ಸಲ್‌ನ ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರು) ಎತ್ತಿದ ಚಕ್ರವನ್ನು ಹಿಂದಕ್ಕೆ ತಿರುಗಲು ಬಿಡುತ್ತದೆ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ. ಹ್ಯಾಂಡ್ ಬ್ರೇಕು ಎಳೆದಿದ್ದೇನೆ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು. ನಿಮ್ಮದರಲ್ಲಿ ಎಲ್ಲಿದೆ ಎಂದು ಬಗ್ಗಿ ನೋಡಿ. ಎಲ್ಲೇ ಇರಲಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಚಾಸಿಯ ಕೆಳಗೆ ಸ್ಟ್ಯಾಂಡು ಇಡಿ, ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬೇಡಿ.

ಮೂವತ್ತು ವರ್ಷದ ನಟ್ಟು ಸುಲಭವಾಗಿ ಬರುವುದಿಲ್ಲ. ಹಿಂದಿನ ಸಂಜೆಯೇ ತಂತಿ ಬ್ರಷ್ಷಿನಿಂದ ಬೋಲ್ಟಿನ ಥ್ರೆಡ್ಡು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಮಲಗಿ. ಬೆಳಗ್ಗೆ ಇನ್ನೊಮ್ಮೆ. ಆದರೂ ಬಾರದಿದ್ದರೆ ನಟ್ಟನ್ನು ಉಳಿಯಿಂದ ಸೀಳಿ. ಗ್ಯಾಸ್ ಬೆಂಕಿ ಮಾತ್ರ ಹಿಡಿಯಬೇಡಿ. 1989ರಲ್ಲಿ ನಾನು ಇನ್ನೂ ಬಿಸಿರಕ್ತದವನು, ಶಾಕ್‌ನ ಕಣ್ಣಿಗೆ ಕಚ್ಚಿಕೊಂಡ ಪಿನ್ನಿಗೆ ಬೆಂಕಿ ಹಿಡಿದೆ. ಮೊದಲು ರಬ್ಬರಿನ ಕರಿ ಹೊಗೆ, ಆಮೇಲೆ ಕೊಳವೆಯೊಳಗೆ ಕುದಿಯುವ ಸದ್ದು, ಮರುಕ್ಷಣ ಸೀಲು ಹಾರಿ ಎಣ್ಣೆ ಎಡಗೈ ಮೇಲೆ. ಮಣಿಕಟ್ಟಿನಿಂದ ಮೊಳಕೈವರೆಗೆ ಚರ್ಮ ಇಂದಿಗೂ ನುಣುಪಾಗಿದೆ, ಕೂದಲು ಬೆಳೆಯುವುದಿಲ್ಲ.

ಹೊಸದನ್ನು ಪೆಟ್ಟಿಗೆಯಿಂದ ತೆಗೆದು ನೇರ ಕೂರಿಸಬೇಡಿ. ಅಂಗಡಿಯಲ್ಲಿ ಅಡ್ಡ ಮಲಗಿದ್ದರಿಂದ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಯಾವ ತುದಿ ಮೇಲಿರುತ್ತದೋ ಅದನ್ನೇ ಮೇಲೆ ಮಾಡಿ ನೆಟ್ಟಗೆ ಹಿಡಿದು, ಐದಾರು ಸಲ ಪೂರ್ತಿ ಎಳೆದು ಒತ್ತಿ. ಮೊದಲೆರಡು ಸಲ ಜಾರುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಆಮೇಲೆ ಮತ್ತೆ ಮಲಗಿಸದೆ ಕೂರಿಸಿ. ಇದನ್ನು ಮಾಡದೆ ‘ಹೊಸದೂ ಡೂಪ್ಲಿಕೇಟು’ ಎಂದು ಅಂಗಡಿಯವನ ಮೇಲೆ ಹರಿಹಾಯ್ದವರಲ್ಲಿ ನಾನೂ ಒಬ್ಬ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಕಣ್ಣಿನೊಳಗೆ ಕೂರುವ ಹಳೆಯ ರಬ್ಬರ್ ಬುಷ್‌ಗಳನ್ನು ಮರುಬಳಕೆ ಮಾಡಬೇಡಿ, ಅವುಗಳ ಬೆಲೆ ಎರಡು ಮಸಾಲೆ ದೋಸೆಯಷ್ಟು. ಬುಷ್‌ನ ನಡುವೆ ಉಕ್ಕಿನ ಕೊಳವೆ ಅಂಟಿಕೊಂಡಿದ್ದರೆ, ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ಮೇಲೆಯೇ ಕೊನೆಯ ಬಿಗಿ ಕೊಡಿ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಇಳಿಸಿದಾಗ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಎರಡು ಮುಂದಿನದನ್ನು ಒಟ್ಟಿಗೆ, ಎರಡು ಹಿಂದಿನದನ್ನು ಒಟ್ಟಿಗೆ ಬದಲಿಸಿ. ನಿಮ್ಮ ಗಾಡಿಗೆ ನಾಲ್ಕೂ ಬೇಕು. ಪಟ್ಟೆ ಬಿಚ್ಚಿಸಿದ್ದರಿಂದ ಪಟ್ಟೆಯನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಗೊಳಿಸಿದ್ದಾರೆಯೇ ಕೇಳಿ. ಕೂರಿಸಿ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಅವು ಸಡಿಲವಾಗುವುದು ರೂಢಿ.

ಪ್ರಶ್ನೆ: ನನ್ನ ಹಳೆಯ ಜಿಪ್ಸಿಗೆ ಉದ್ದದ ಶ್ಯಾಕಲ್ (ಪಟ್ಟೆಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿ ಎತ್ತರ ಮಾಡಿಸಿದ್ದೇನೆ. ಸ್ಕಂದಗಿರಿ ಕಡೆಯ ಕಲ್ಲುದಾರಿಯಲ್ಲಿ ಹಿಂದೆ ‘ಠಣ್’ ಎನ್ನುತ್ತದೆ. ಗ್ಯಾಸ್ ಶಾಕ್ ಹಾಕಿದರೆ ಸದ್ದು ಹೋಗಿ ಇನ್ನೂ ಒಂದಿಂಚು ಎತ್ತರವೂ ಸಿಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ಹಾಕಿಸಲೇ?
— ಓದುಗಿ, ಚಿಕ್ಕಬಳ್ಳಾಪುರ

ಉತ್ತರ: ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಗಾಡಿ ಎತ್ತರವಾಯಿತು, ಶಾಕ್ ಮೊದಲಿನಷ್ಟೇ ಉದ್ದ. ಚಕ್ರ ಹಳ್ಳಕ್ಕೆ ಇಳಿದಾಗ ಪಟ್ಟೆ ಇನ್ನೂ ಇಳಿಯಲು ಸಿದ್ಧವಿದೆ, ಶಾಕ್ ಪೂರ್ತಿ ಚಾಚಿ ಮುಗಿದಿದೆ. ಆಕ್ಸಲ್ಲಿನ ಭಾರವೆಲ್ಲ ಆ ಬಡಪಾಯಿ ಕಡ್ಡಿಗೆ ಜೋತುಬೀಳುತ್ತದೆ. ಇಂದು ಸದ್ದು, ಮುಂದೊಂದು ದಿನ ಚಾಸಿಯಲ್ಲಿ ಶಾಕ್ ಕೂರುವ ಹಿಡಿಕೆಯೇ ಕಿತ್ತು ಬರುತ್ತದೆ.

ಅಳತೆ ತೆಗೆದುಕೊಳ್ಳದೆ ಏನನ್ನೂ ಕೊಳ್ಳಬೇಡಿ. ಶಾಕ್ ಬಿಚ್ಚಿ, ಚಾಸಿಯನ್ನು ಎತ್ತಿ ಆಕ್ಸಲ್ ಪೂರ್ತಿ ನೇತಾಡಲು ಬಿಟ್ಟು, ಮೇಲಿನ ಮತ್ತು ಕೆಳಗಿನ ಹಿಡಿಕೆಗಳ ನಡುವಿನ ದೂರ ಅಳೆಯಿರಿ. ಆಮೇಲೆ ಆಕ್ಸಲ್ ಬಂಪ್ ಸ್ಟಾಪಿಗೆ (ಚಾಸಿಯ ಕೆಳಗಿನ ರಬ್ಬರ್ ತಡೆಗೆ) ತಾಗುವಷ್ಟು ಮೇಲೆತ್ತಿ ಇನ್ನೊಮ್ಮೆ. ಹೊಸ ಶಾಕ್ ಚಾಚಿದಾಗ ಮೊದಲ ಅಳತೆಗಿಂತ ತುಸು ಉದ್ದ, ಮುಚ್ಚಿದಾಗ ಎರಡನೆಯದಕ್ಕಿಂತ ತುಸು ಗಿಡ್ಡ ಇರಬೇಕು. ಎರಡನೆಯದನ್ನು ಮರೆತು ಬರೀ ಉದ್ದದ್ದು ತಂದರೆ ಮೇಲಿನ ಏಟಿಗೆ ಅದು ತಳ ಹೊಡೆದು ಸಾಯುತ್ತದೆ.

ಒಂದಿಂಚಿನ ಆಸೆ ಬಿಡಿ. ಗ್ಯಾಸ್ ಎಂದರೆ ಸಾಮಾನ್ಯವಾಗಿ ನೈಟ್ರೋಜನ್. ಬಿಡದೆ ದುಡಿಯುವಾಗ ಎಣ್ಣೆ ಮಜ್ಜಿಗೆಯಂತೆ ನೊರೆಯಾಗದಿರಲಿ ಎಂದು ಒತ್ತಡದಲ್ಲಿ ತುಂಬಿರುತ್ತಾರೆ. ಕಲ್ಲುದಾರಿಯವರಿಗೆ ಅದು ನಿಜವಾದ ಲಾಭ. ಎತ್ತರ ಮಾಡುವುದು ಅದರ ಕೆಲಸವಲ್ಲ. ಇನ್ನು ಅಂಗಡಿಯವರು ಅದನ್ನು ಬಿಟ್ಟು ಹಳೆಯದನ್ನೇ ಕೊರೆದು, ಎಂಜಿನ್ ಆಯಿಲ್ ತುಂಬಿ, ವೆಲ್ಡ್ ಮಾಡಿಕೊಡುತ್ತೇವೆ ಎಂದರೆ ನಮಸ್ಕಾರ ಹೇಳಿ ಹೊರಟುಬಿಡಿ. ಶಾಕ್‌ಗೆ ಬೇಕಾದದ್ದು ಅದಕ್ಕಿಂತ ತೆಳುವಾದ, ಚಳಿಗೂ ಬಿಸಿಗೂ ಹೆಚ್ಚು ಬದಲಾಗದ ಬೇರೆಯೇ ಎಣ್ಣೆ.

ಟೈರಿನ ಗಾಳಿಯನ್ನೂ ಒಮ್ಮೆ ನೋಡಿಕೊಳ್ಳಿ. ಜಿಪ್ಸಿ ಒಂದು ಟನ್ ಆಸುಪಾಸಿನ ಹಗುರ ಗಾಡಿ. ಲಾರಿಗೆ ತುಂಬುವ ಹಾಗೆ ತುಂಬಿಸಿಕೊಂಡು ಬಂದು ‘ಸಸ್ಪೆನ್ಷನ್ ಗಟ್ಟಿ’ ಎನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ.

ಪ್ರಶ್ನೆ: ಐವತ್ತು ಕಿಲೋಮೀಟರು ವೇಗ ದಾಟಿದರೆ ನನ್ನ ಜೀಪಿನ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ಮುಂದಿನ ಶಾಕ್ ಬದಲಿಸಿದೆ, ಹೋಗಲಿಲ್ಲ.
— ಓದುಗರೊಬ್ಬರು, ಮುಳಬಾಗಿಲು

ಉತ್ತರ: ಹೋಗುವುದಿಲ್ಲ. ಟೈ ರಾಡ್ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಸ್ಟಿಯರಿಂಗ್ ಸರಳು) ತುದಿಗಳು, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗು, ವೀಲ್ ಬೇರಿಂಗು, ಚಕ್ರದ ಬ್ಯಾಲೆನ್ಸು, ಈ ಕ್ರಮದಲ್ಲಿ ನೋಡಿಸಿ. ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪವೇ ಆಡಿಸುತ್ತಿರಲಿ, ನೀವು ಕೆಳಗೆ ಒಂದೊಂದೇ ಕೀಲಿನ ಮೇಲೆ ಬೆರಳಿಡಿ. ಸಡಿಲವಿರುವುದು ಬೆರಳಿಗೇ ಹೇಳುತ್ತದೆ.

ಪ್ರಶ್ನೆ: ಜೀಪು ಬಲಕ್ಕೆ ವಾಲಿದೆ. ಆ ಬದಿಗೆ ಹೊಸ ಶಾಕ್ ಹಾಕಿದರೆ ನೆಟ್ಟಗಾಗುವುದೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಇಲ್ಲ, ಅದು ಪಟ್ಟೆಯ ಕುಸಿತ. ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎರಡೂ ಕಡೆ ಟೇಪು ಹಿಡಿಯಿರಿ, ಎಷ್ಟು ಎಂದು ಗೊತ್ತಾಗುತ್ತದೆ. ಬಲಗಡೆಯೇ ಏಕೆ ಎಂದರೆ, ಇಷ್ಟು ವರ್ಷ ಗಾಡಿಯಲ್ಲಿ ಹೆಚ್ಚು ಹೊತ್ತು ಒಬ್ಬರೇ ಕೂತು ಓಡಾಡಿದ್ದೀರಿ. ಪಟ್ಟೆಯನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿಕೊಡುವವರ ಬಳಿಗೆ ಹೋಗಬೇಡಿ. ಕಾಯಿಸಿದ್ದಕ್ಕೆ ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಒಂದೇ ಮಳೆಗಾಲದಲ್ಲಿ ಅದು ಪುನಃ ಮಲಗುತ್ತದೆ. ಎರಡೂ ಬದಿಗೆ ಹೊಸ ಮುಖ್ಯ ಪಟ್ಟೆ ಹಾಕಿಸಿ.