ಬೆಳಗಾವಿಯಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದ ಹೆಂಗಸರ ಆಪ್ತ ಸಮಾಲೋಚಕಿ ಆಗಲು ಮರಾಠಿ ಬೇಕೇ ಬೇಕಾ?

ಬೇಕು. ಖಾನಾಪುರ ಕಡೆಯ ಎಷ್ಟೋ ಹೆಣ್ಣುಮಕ್ಕಳ ಮನೆಮಾತು ಮರಾಠಿ. ಕನ್ನಡದಲ್ಲಿ ಕೇಳಿದರೆ 'ಏನಿಲ್ರಿ, ಆರಾಮ ಅದೀನಿ' ಅಂತ ಸುಮ್ನೆ ಸೆರಗಿನ ತುದಿ ಸುತ್ತುತ್ತಾ ಕೂರುತ್ತಾರೆ. 'ಕಾಯ್ ಝಾಲಂ, ತಾಈ?' (ಏನಾಯ್ತು, ಅಕ್ಕಾ?) ಅಂತ ಮರಾಠಿಯಲ್ಲಿ ಅಂದಾಗ ಕಣ್ಣೀರು ಬರುತ್ತದೆ, ಆಮೇಲೆ ಮಾತು.

ಜೊತೆಗೆ ಬಂದ ಅತ್ತೆಯನ್ನೋ ಮಗುವನ್ನೋ ದುಭಾಷಿ ಮಾಡಬೇಡಿ. ಅವರೆದುರು ಆಕೆ ನಿಜ ಹೇಳೋದು ಕಷ್ಟ, ಅಲ್ವಾ? 'ಹೊಡೆದ' ಅಂದದ್ದನ್ನು 'ಜಗಳವಾಯಿತು' ಅಂತ ಬರೆಯಲೂಬೇಡಿ. ಅವಳ ಮಾತೇ ಇರಲಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನು ಎರಡೂ ಭಾಷೆಯಲ್ಲಿ ಸರಳವಾಗಿ ಹೇಳಲು ಕಲಿಯಿರಿ. ಬೈಗುಳ, ಖರ್ಚಿಗೆ ದುಡ್ಡು ಕೊಡದೆ ಕಾಡಿಸುವುದೂ ಹಿಂಸೆಯೇ. ಮನೆ ತನ್ನ ಹೆಸರಲ್ಲಿ ಇಲ್ಲದಿದ್ದರೂ ಹೆಂಡತಿಗೆ ಅಲ್ಲಿರುವ ಹಕ್ಕಿದೆ. ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. 181 ಮಹಿಳಾ ಸಹಾಯವಾಣಿಯ ನಂಬರನ್ನು ಬಾಯಿಪಾಠ ಮಾಡಿಸಿ. ಚೀಟಿ ಕೊಟ್ಟರೆ ಗಂಡನ ಕೈಗೆ ಸಿಗಬಹುದು.