ಕನ್ನಡಕ ತೆಗೆಸಲು ಹೋದಾಗ ಕಂಡ ಕೆರಾಟೋಕೋನಸ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬದಿಯಡ್ಕ ಕಡೆಯ ಹುಡುಗಿ, 24 ವರ್ಷ. ಮದುವೆಗೆ ಮೊದಲು ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ) ಮಾಡಿಸೋಣ ಅಂತ ಮಂಗಳೂರಿಗೆ ಹೋಗಿದ್ದಳು. ಅದಕ್ಕೆ ಮುಂಚೆ ಮಾಡುವ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸ್ಕ್ಯಾನ್‌ನಲ್ಲಿ ಎರಡೂ ಕಣ್ಣಿನಲ್ಲಿ ಕೆರಾಟೋಕೋನಸ್ ಶುರುವಾದದ್ದು ಕಂಡಿತು. ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುವ ತೊಂದರೆ ಇದು. ಇಂಥ ಕಣ್ಣಿಗೆ ಲೇಸಿಕ್ ಮಾಡಿದರೆ ಇನ್ನಷ್ಟು ಕೆಡುತ್ತದೆ, ಹಾಗಾಗಿ ಡಾಕ್ಟರು ಬೇಡ ಎಂದರು. ಕನ್ನಡಕದಲ್ಲಿ ಅವಳಿಗೆ ಚೆನ್ನಾಗಿಯೇ ಕಾಣುತ್ತದೆ.

ಅಮ್ಮನ ಜೊತೆ ನನ್ನ ಬಳಿ ಬಂದವಳು "ಕಣ್ಣು ಪೂರ್ತಿ ಹೋಗ್ತದಾ ಅಕ್ಕ?" ಎಂದು ಕೇಳಿದಳು. ಕೇಳುತ್ತಲೇ ಬೆರಳಿನ ಗೆಣ್ಣಿನಿಂದ ಎಡಗಣ್ಣನ್ನು ಗಟ್ಟಿಯಾಗಿ ತಿಕ್ಕಿದಳು. ಅಡಿಕೆ ಸುಲಿಯುವಾಗ ಧೂಳಿಗೆ ತುರಿಕೆ ಜಾಸ್ತಿಯಂತೆ.

ಮೊದಲು ಅದನ್ನೇ ಹಿಡಿದೆ. ಕಣ್ಣು ತಿಕ್ಕುವುದನ್ನು ಇವತ್ತಿನಿಂದಲೇ ಬಿಡಬೇಕು. ತುರಿಸಿದರೆ ಕಣ್ಣು ಮುಚ್ಚಿ ತಣ್ಣನೆಯ ಒದ್ದೆ ಬಟ್ಟೆ ಇಟ್ಟುಕೊಳ್ಳಲಿ. ಅಲರ್ಜಿಗೆ ಡಾಕ್ಟರು ಬರೆದ ಡ್ರಾಪ್ಸ್ ಮಾತ್ರ ಹಾಕಲಿ. ಸುಮ್ನೆ ಮೆಡಿಕಲ್‌ನಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ಹೀಗೆ ಅಕಸ್ಮಾತ್ ಗೊತ್ತಾದವರಲ್ಲಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಏನೂ ಬದಲಾಗುವುದಿಲ್ಲ. ಕೆಲವರಿಗೆ ಬೇಗ ಜಾಸ್ತಿಯಾಗುತ್ತದೆ. ಹದಿಹರೆಯದಲ್ಲಿ ಓಟ ಜೋರು, 40ರ ಹೊತ್ತಿಗೆ ಸಾಮಾನ್ಯವಾಗಿ ನಿಧಾನ. ಇವಳದು ಯಾವ ಥರ ಎಂದು ತಿಳಿಯಲು ಒಂದು ಸ್ಕ್ಯಾನ್ ಸಾಲದು. ಆರು ತಿಂಗಳು ಬಿಟ್ಟು ಅದೇ ಮೆಷಿನ್‌ನಲ್ಲಿ ಮತ್ತೆ ಮಾಡಿಸಿ, ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಬೇಕು. ಉಬ್ಬು (ಅದನ್ನು ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ) ವರ್ಷದಲ್ಲಿ 1 ಡಯಾಪ್ಟರ್‌ನಷ್ಟು ಏರಿದ್ದರೆ ಡಾಕ್ಟರು ಕ್ರಾಸ್‌ಲಿಂಕಿಂಗ್ ಮಾತೆತ್ತುತ್ತಾರೆ. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಬೆಳಕು ಬಿಡುವ ಚಿಕಿತ್ಸೆ ಅದು. ಇದ್ದಲ್ಲಿಗೇ ನಿಲ್ಲಿಸುವುದು ಅದರ ಉದ್ದೇಶ. ಅದಾದ ಮೇಲೂ ಕನ್ನಡಕ ಬೇಕೇ ಬೇಕು.

"ಗಂಡಿನ ಕಡೆಯವರಿಗೆ ಹೇಳುವುದು ಬೇಡ ಅಲ್ವಾ?" ಎಂದರು ಅಮ್ಮ. ತೀರ್ಮಾನ ಅವಳದೇ. ಆದರೂ ಹುಡುಗನಿಗೆ ಹೇಳುವುದೇ ಒಳ್ಳೆಯದು ಎಂದು ನನಗನಿಸುತ್ತದೆ, ಹೇಳಿದೆ ಕೂಡ. ಕೆಲವರಿಗೆ ಬಸಿರಿನಲ್ಲಿ ಇದು ಜಾಸ್ತಿಯಾಗುತ್ತದೆ. ಆಗ ತಪಾಸಣೆಗೆ ಜೊತೆಗೆ ಬರಬೇಕಾದವನು ಅವನೇ.

ಏಳುವಾಗ ಅಮ್ಮ ಇನ್ನೊಂದು ಮಾತು ಹೇಳಿದರು. 14 ವರ್ಷದ ತಮ್ಮನೂ ಹೀಗೇ ಕಣ್ಣು ತಿಕ್ಕುತ್ತಾನೆ, ಎರಡು ಸಲ ಕನ್ನಡಕದ ನಂಬರ್ ಬದಲಾಗಿದೆ. ನನಗೆ ಅಕ್ಕನಿಗಿಂತ ಅವನ ಚಿಂತೆಯೇ ಹೆಚ್ಚಾಯಿತು. ಇದು ಮನೆಮಂದಿಯಲ್ಲಿ ಬರುವುದುಂಟು, ವಯಸ್ಸೂ ಚಿಕ್ಕದು. ಮುಂದಿನ ಸಲ ಕರ್ಕೊಂಡು ಬರ್ತೇವೆ ಎಂದರು. ಅಷ್ಟು ದಿನ ಕಾಯಬೇಡಿ, ಈ ವಾರವೇ ಸ್ಕ್ಯಾನ್ ಮಾಡಿಸಿ ಎಂದೆ.